ಕುಟ್ಟಾಣಿ ಹಿಡಿಯುವ ಮುನ್ನ

ಹಾನಗಲ್ ತಾಲ್ಲೂಕಿನ ಆಡೂರು ಸೀಮೆಯ ಹಳ್ಳಿಗಳಲ್ಲಿ ಊಟ ಮುಗಿದ ಹೊತ್ತಿಗೆ ಪಡಸಾಲೆಯಿಂದ ಟಣ್ ಟಣ್ ಎಂಬ ಸದ್ದು ಬಂದರೆ ಅದು ಕುಟ್ಟಾಣಿಯದು. ಸವಣೂರಿನ ಎಲೆ, ಅಡಿಕೆ ಚೂರು, ಚಿಟಿಕೆ ಸುಣ್ಣ ಹಾಕಿ, ಹದವಾಗಿ ಕುಟ್ಟಿ, ಅಂಗೈಗೆ ಸುರುವಿಕೊಂಡು ಬಾಯಿಗಿಡುವ ಅಜ್ಜಿಗೆ ಅಗಿಯಲು ಹಲ್ಲಿಲ್ಲ. ಅರ್ಧ ಗಂಟೆ ಮೊದಲು ಅದೇ ಅಜ್ಜಿ ಜೋಳದ ರೊಟ್ಟಿಯನ್ನು ಚೂರು ಮಾಡಿ, ಬೇಳೆಸಾರಿನಲ್ಲಿ ನೆನೆಹಾಕಿ, ಮೆತ್ತಗಾಗುವ ತನಕ ಕಾದು ಉಂಡಿರುತ್ತಾಳೆ. ಶೇಂಗಾ ಚಟ್ನಿಪುಡಿ ನಡೆಯುತ್ತದೆ, ಹುರಿದ ಶೇಂಗಾ ನಡೆಯುವುದಿಲ್ಲ. ಸೌತೆಕಾಯಿ, ಗಜ್ಜರಿ, ಹಸಿ ಮೆಂತ್ಯೆಸೊಪ್ಪು ಆಕೆಯ ತಾಟಿನಿಂದ ಎಂದೋ ಮಾಯವಾಗಿವೆ.

ಮನೆಯವರು ಇದನ್ನು ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುತ್ತಾರೆ. ಅದು ತಪ್ಪು ಲೆಕ್ಕ. ಹಲ್ಲು ಹೋಗುವುದು ಮುಪ್ಪಿನಿಂದಲ್ಲ. ಹುಳುಕಿನಿಂದ, ಒಸಡಿನ ರೋಗದಿಂದ. ಎರಡನ್ನೂ ತಡೆಯಬಹುದು, ಬಂದರೂ ಬೇಗ ಗುಣಪಡಿಸಬಹುದು.

ಹಳ್ಳಿಯಲ್ಲಿ ಹಲ್ಲುನೋವಿನ ಕಥೆ ಸಾಮಾನ್ಯವಾಗಿ ಒಂದೇ ತೆರನಾಗಿರುತ್ತದೆ. ನೋವು ಬಂದಾಗ ಲವಂಗ ಇಡುತ್ತಾರೆ, ಮೆಡಿಕಲ್ ಶಾಪಿನ ಗುಳಿಗೆ ನುಂಗುತ್ತಾರೆ, ಕೊನೆಗೆ ‘ಕಿತ್ತು ಒಗೀರಿ ಡಾಕ್ಟ್ರೇ’ ಅನ್ನುತ್ತಾರೆ. ಕಿತ್ತ ದಿನ ಹಗುರವಾಗುವುದು ನಿಜ. ಆದರೆ ತೊಂದರೆ ಶುರುವಾಗುವುದು ಅಲ್ಲಿಂದ ಮುಂದೆ. ಖಾಲಿ ಜಾಗದತ್ತ ಅಕ್ಕಪಕ್ಕದ ಹಲ್ಲುಗಳು ವಾಲುತ್ತವೆ. ಎದುರಿನ ಹಲ್ಲು ತಡೆಯಿಲ್ಲದೆ ಆ ಸಂದಿಗೆ ಇಳಿಯತೊಡಗುತ್ತದೆ. ಬೇರು ಹಿಡಿದಿದ್ದ ದವಡೆಯ ಮೂಳೆ, ಕೆಲಸವಿಲ್ಲದೆ ಕರಗುತ್ತದೆ; ಮೊದಲ ವರ್ಷವೇ ಹೆಚ್ಚು ಕರಗುತ್ತದೆ. ಗಲ್ಲ ಒಳಸೇರಿ ಮುಖ ಮುದುಡುವುದು ಇದರಿಂದಲೇ. ಆದ್ದರಿಂದ ಕೀಳಿಸುವುದು ಕೊನೆಯ ದಾರಿಯಾಗಬೇಕು, ಕಿತ್ತ ಮೇಲೆ ಆ ಜಾಗವನ್ನು ವರ್ಷಗಟ್ಟಲೆ ಖಾಲಿ ಬಿಡಬಾರದು.

ಹಲ್ಲು ಕಳೆದುಕೊಳ್ಳುವ ಕೆಲಸ ಬಹಳ ಮನೆಗಳಲ್ಲಿ ಆರನೇ ವಯಸ್ಸಿಗೇ ಆರಂಭವಾಗುತ್ತದೆ ಎಂದರೆ ಆಶ್ಚರ್ಯವಾಗಬಹುದು. ಆ ವಯಸ್ಸಿನಲ್ಲಿ ಮಗುವಿನ ಇಪ್ಪತ್ತು ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಸದ್ದಿಲ್ಲದೆ ಮೊದಲ ಕಾಯಂ ದವಡೆಹಲ್ಲು ಮೂಡುತ್ತದೆ. ಏನೂ ಬಿದ್ದಿಲ್ಲವಾದ್ದರಿಂದ ತಾಯ್ತಂದೆ ಅದನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ. ಹುಳುಕು ಹಿಡಿದರೆ ‘ಬಿದ್ದು ಹೊಸದು ಬರುತ್ತದೆ’ ಎಂದು ಸುಮ್ಮನಿರುತ್ತಾರೆ. ಅದು ಮತ್ತೆ ಬರುವುದಿಲ್ಲ. ಅಗಿಯುವ ಭಾರದ ದೊಡ್ಡ ಪಾಲು ಹೊರಬೇಕಾದ ಹಲ್ಲು ಹೀಗೆ ಪ್ರಾಥಮಿಕ ಶಾಲೆಯಲ್ಲೇ ಹಾಳಾಗುವುದು ನೋಡಲು ಸಂಕಟವಾಗುತ್ತದೆ.

ಹುಳುಕು ಸಣ್ಣದಿದ್ದಾಗ ತುಂಬಿಸಿದರೆ ಮುಗಿಯಿತು. ಹಲ್ಲಿನ ಬಣ್ಣದ್ದೇ ಪದಾರ್ಥ ತುಂಬಿ ನೀಲಿ ಬೆಳಕಿನಲ್ಲಿ ಗಟ್ಟಿಮಾಡುವುದು ಇಂದಿನ ಸಾಮಾನ್ಯ ಪದ್ಧತಿ. ಹಳೆಯ ‘ಬೆಳ್ಳಿ’ ತುಂಬುವಿಕೆಯಲ್ಲಿ ಅರ್ಧದಷ್ಟು ಪಾದರಸವಿರುವುದರಿಂದ ಅದು ಹಿಂದೆ ಸರಿಯುತ್ತಿದೆ. ಹಳ್ಳಿಗಳಿಗೆ ಇನ್ನೊಂದು ಪದ್ಧತಿ ಬಲು ಒಪ್ಪುತ್ತದೆ. 1980ರ ದಶಕದಲ್ಲಿ ಆಫ್ರಿಕಾದ ಟಾಂಜಾನಿಯಾದಲ್ಲಿ ರೂಪುಗೊಂಡ ಈ ವಿಧಾನಕ್ಕೆ ಕರೆಂಟೂ ಬೇಡ, ಡ್ರಿಲ್ಲೂ ಬೇಡ. ಕೈ ಉಪಕರಣದಿಂದ ಮೆತ್ತಗಾದ ಹುಳುಕನ್ನು ಕೆರೆದು ತೆಗೆದು, ಫ್ಲೋರೈಡ್ ಬಿಡುವ ಗಾಜಿನ ಸಿಮೆಂಟ್ ತುಂಬುತ್ತಾರೆ. ಶಾಲೆಯ ಬೆಂಚಿನ ಮೇಲೆ ಮಲಗಿಸಿಯೂ ಮಾಡಬಹುದು.

ಹುಳುಕು ನರದವರೆಗೆ ಇಳಿದರೆ ರೂಟ್ ಕೆನಾಲ್. ಹೆಸರು ಕೇಳಿಯೇ ಹೆದರುವವರಿದ್ದಾರೆ. ಮಾಡುವುದಿಷ್ಟೇ: ಮರಗಟ್ಟಿಸಿ, ಬೇರಿನೊಳಗಿನ ಸತ್ತ ನರ, ಕೀವು ತೆಗೆದು, ತೊಳೆದು, ಆ ಸಣ್ಣ ನಾಳಗಳನ್ನು ಗಟ್ಟಾಪರ್ಚಾ ಎಂಬ ಮರದ ಹಾಲಿನ ಅಂಟಿನಿಂದ ಮುಚ್ಚುತ್ತಾರೆ. ದವಡೆಹಲ್ಲಿಗೆ ಇಂಥ ನಾಳ ಮೂರೋ ನಾಲ್ಕೋ ಇರುತ್ತವೆ. ಸಮಯ ಹಿಡಿಯುವುದು ಅದಕ್ಕೆ. ನರ ತೆಗೆದ ಹಲ್ಲಿನ ಗೋಡೆ ತೆಳುವಾಗಿ ಒಡೆಯುವ ಅಪಾಯವಿರುವುದರಿಂದ ಮೇಲೆ ಕ್ಯಾಪ್ ಹಾಕಿಸಲೇಬೇಕು. ನೋವು ನಿಂತಿತೆಂದು ಕ್ಯಾಪ್ ಹಾಕಿಸದೆ ಬಿಟ್ಟು, ವರ್ಷದೊಳಗೆ ರೊಟ್ಟಿ ಕಡಿಯುವಾಗ ಹಲ್ಲು ಸೀಳಿಸಿಕೊಂಡು ಬರುವವರು ಬಹಳ.

ಪೆಟ್ಟಿನಿಂದ ಹೋಗುವ ಹಲ್ಲುಗಳದು ಬೇರೆ ಮಾತು. ದೀಪಾವಳಿ ಬಂತೆಂದರೆ ಹಾವೇರಿ ಜಿಲ್ಲೆಯಲ್ಲಿ ಹೋರಿ ಬೆದರಿಸುವ ಹಬ್ಬ. ಓಡುವ ಹೋರಿಯ ಕೊರಳ ಕೊಬ್ಬರಿಗೆ ಕೈಹಾಕುವ ಹುಡುಗರು ಬೀಳುತ್ತಾರೆ, ಮುಂದಿನ ಹಲ್ಲು ಬೇರುಸಮೇತ ಕಿತ್ತು ಬರುವುದುಂಟು. ಆ ಹಲ್ಲನ್ನು ಮಣ್ಣಿನಲ್ಲೇ ಬಿಟ್ಟು ಬರಬಾರದು. ಬೇರು ಮುಟ್ಟದೆ, ಬಿಳಿ ಭಾಗ ಹಿಡಿದು ಎತ್ತಿ, ಕೊಳೆಯಿದ್ದರೆ ಕ್ಷಣಕಾಲ ತೊಳೆದು, ಉಜ್ಜದೆ, ತಣ್ಣನೆಯ ಹಾಲಿನ ಲೋಟಕ್ಕೆ ಹಾಕಿ ದಂತವೈದ್ಯರ ಬಳಿ ಓಡಬೇಕು. ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆಯೊಳಗೆ ತಲುಪಿದರೆ ಅದೇ ಹಲ್ಲನ್ನು ಅದೇ ಜಾಗದಲ್ಲಿ ಕೂರಿಸಲು ಸಾಧ್ಯ. ಹಾಲುಹಲ್ಲಿಗೆ ಮಾತ್ರ ಇದು ಅನ್ವಯಿಸದು.

ಹೋದ ಹಲ್ಲಿನ ಜಾಗಕ್ಕೆ ಮೂರು ದಾರಿ. ತೆಗೆದು ಹಾಕುವ ಸೆಟ್ಟು ಅಗ್ಗ. ಬ್ರಿಜ್ ಕೂರಿಸಲು ಅಕ್ಕಪಕ್ಕದ ಎರಡು ಹಲ್ಲುಗಳನ್ನು ಸವೆಸಬೇಕು; ಆ ಹಲ್ಲು ಗಟ್ಟಿಮುಟ್ಟಾಗಿದ್ದರೆ ಯೋಚಿಸಿ ಮಾಡಬೇಕಾದ ಕೆಲಸ. ಮೂರನೆಯದು ಇಂಪ್ಲಾಂಟ್, ದವಡೆಯ ಮೂಳೆಗೆ ಟೈಟಾನಿಯಂ ತಿರುಪು ಕೂರಿಸಿ ಅದರ ಮೇಲೆ ಹಲ್ಲು ಕಟ್ಟುವುದು. ಸ್ವೀಡನ್ನಿನ ಸಂಶೋಧಕ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲದ ಕಾಲಿನ ಮೂಳೆಯಲ್ಲಿ ರಕ್ತಸಂಚಾರ ನೋಡಲು ಟೈಟಾನಿಯಂ ಕೊಳವೆ ಇಟ್ಟಿದ್ದರು. ಪ್ರಯೋಗ ಮುಗಿಸಿ ತೆಗೆಯಹೋದರೆ ಬರಲಿಲ್ಲ. ಮೂಳೆ ಅದನ್ನು ತನ್ನದಾಗಿಸಿಕೊಂಡಿತ್ತು. 1965ರಲ್ಲಿ ಗೋಸ್ಟಾ ಲಾರ್ಸನ್ ಎಂಬುವರ ದವಡೆಗೆ ಅದೇ ಲೋಹ ಕೂತಿತು, ಅವರು ಸಾಯುವವರೆಗೆ, ಅಂದರೆ ನಲವತ್ತು ವರ್ಷ ಕೆಲಸ ಮಾಡಿತು. ಆದರೆ ಇದು ದುಬಾರಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು, ಬೀಡಿ ಬಿಡಬೇಕು, ಮೂಳೆ ಬೆಸೆಯಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಕಾಯಬೇಕು.

ಪೂರ್ತಿ ಸೆಟ್ಟು ಹಾಕಿಸಿಕೊಳ್ಳುವ ಹಿರಿಯರಿಗೆ ಮೊದಲೇ ಹೇಳಬೇಕಾದ ಮಾತಿದೆ. ಮೊದಲ ವಾರಗಳಲ್ಲಿ ‘ಸ’, ‘ಶ’ ತೊದಲುತ್ತವೆ, ಜೊಲ್ಲು ಹೆಚ್ಚುತ್ತದೆ. ನಾಲಗೆ ಆಡುವುದರಿಂದ ಕೆಳಗಿನ ಸೆಟ್ಟು ಮೇಲಿನಷ್ಟು ಗಟ್ಟಿ ಕೂರದು. ಅಗಿಯುವ ಬಲ ಸ್ವಂತ ಹಲ್ಲಿನ ಕಾಲುಭಾಗದ ಆಸುಪಾಸು. ಇದನ್ನು ಯಾರೂ ತಿಳಿಹೇಳದೆ ಹೋದಾಗ, ಹಾಕಿಸಿದ ಸೆಟ್ಟು ನಾಲ್ಕೇ ದಿನಕ್ಕೆ ಟ್ರಂಕು ಸೇರುತ್ತದೆ. ಮೆತ್ತನೆಯ ಅನ್ನದಿಂದ ಶುರುಮಾಡಿ, ಎರಡೂ ಬದಿಗೆ ಸಣ್ಣ ತುತ್ತಿಟ್ಟು ಅಗಿದು ರೂಢಿಸಿಕೊಳ್ಳಬೇಕು. ರಾತ್ರಿ ತೆಗೆದು ತಣ್ಣೀರಿನಲ್ಲಿಡಬೇಕು. ಬಿಸಿನೀರು ಸೋಕಿದರೆ ಸೊಟ್ಟಾಗುತ್ತದೆ.

ಜಾತ್ರೆ, ಸಂತೆಗಳಲ್ಲಿ ಚಾಪೆ ಹಾಸಿ ಹಲ್ಲು ಕಟ್ಟುವವರಿಂದ ದೂರವಿರಬೇಕು. ಹುಳುಕು ಬೇರಿನ ಮೇಲೆಯೇ ಅಕ್ರಿಲಿಕ್ ಹಿಟ್ಟು ಕಲಸಿ ಅಂಟಿಸಿ, ಪಕ್ಕದ ಹಲ್ಲಿಗೆ ತಂತಿ ಬಿಗಿಯುತ್ತಾರೆ. ಅಡಿಯಲ್ಲಿ ಅನ್ನ ಸಿಕ್ಕಿ ಕೊಳೆತು, ಒಂದು ಹಲ್ಲಿನ ಬದಲು ಮೂರು ಹೋಗುತ್ತವೆ. ನೋಂದಣಿಯಿಲ್ಲದವರು ಹೀಗೆ ಮಾಡುವುದು 1948ರ ದಂತವೈದ್ಯರ ಕಾಯ್ದೆಯ ಪ್ರಕಾರ ಅಪರಾಧ. ಸೆಟ್ಟು ಹಾಕಿಸುವುದಕ್ಕೆ ಅಡಿಕೆ, ಗುಟ್ಕಾದ ಚಟವೂ ಅಡ್ಡ ಬರುತ್ತದೆ. ಬಾಯಿ ಬಿಗಿದು ಎರಡು ಬೆರಳು ಹೋಗದಂತಾದರೆ ಸೆಟ್ಟಿಗೆ ಅಳತೆ ತೆಗೆಯುವುದೇ ಕಷ್ಟ. ಅಡಿಕೆ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಅಡಿಕೆ ಬೆಳೆಯುವ ನಾಡಿನಲ್ಲೂ ಈ ಮಾತು ಆಡಲೇಬೇಕು.

ಹಾವೇರಿ ಜಿಲ್ಲೆಯಲ್ಲಿ ದಂತ ಕಾಲೇಜಿಲ್ಲ. ಆಡೂರು, ಶಿಗ್ಗಾಂವಿಯವರಿಗೆ ಧಾರವಾಡದ ಸತ್ತೂರಿನಲ್ಲಿ 1986ರಿಂದ ನಡೆಯುತ್ತಿರುವ ಎಸ್‌ಡಿಎಂ ದಂತ ಕಾಲೇಜು, ಹಿರೇಕೆರೂರಿನವರಿಗೆ 1979ರಲ್ಲಿ ಆರಂಭವಾದ ದಾವಣಗೆರೆಯ ಬಾಪೂಜಿ ದಂತ ಕಾಲೇಜು ಇವೆ. ಕಾಲೇಜು ಆಸ್ಪತ್ರೆಗಳಲ್ಲಿ ಖಾಸಗಿ ಕ್ಲಿನಿಕ್‌ಗಿಂತ ಖರ್ಚು ಸಾಮಾನ್ಯವಾಗಿ ಕಡಿಮೆ, ಸಮಯ ಹೆಚ್ಚು. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಸೆಟ್ಟು ಕೊಡಿಸಲೆಂದೇ ರಾಜ್ಯ ಸರ್ಕಾರ ದಂತ ಭಾಗ್ಯ ಯೋಜನೆ ತಂದಿತ್ತು. ಈಗ ಯಾವ ಸೌಲಭ್ಯ ಸಿಗುತ್ತದೆ ಎಂಬುದನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಬಹುದು. ಮನೆಯಲ್ಲಿ ರೊಟ್ಟಿ ನೆನೆಹಾಕಿ ಉಣ್ಣುವ ಹಿರಿಯರಿದ್ದರೆ, ಮುಂದಿನ ಸಲ ಹಾನಗಲ್ಲಿಗೋ ಸವಣೂರಿಗೋ ಹೋಗುವಾಗ ರೇಷನ್ ಕಾರ್ಡ್ ಸಮೇತ ಅವರನ್ನೂ ಕರೆದುಕೊಂಡು ಹೋಗಿ, ಒಮ್ಮೆ ಬಾಯಿ ತೋರಿಸಿ.