ಮತ್ತೆ ಹತ್ತಿತು ಗಾಡಿಯ ದೀಪ



ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಲಗೇಜು ಗಾಡಿಗಳಿಗೆ ಬಿಡುವಿಲ್ಲ. ರೇಷ್ಮೆಗೂಡು ಮಾರ್ಕೆಟ್ಟಿಗೆ ಹೋಗಬೇಕು. ಮಾವು ಮಂಡಿಗೆ ಹೋಗಬೇಕು. ಚನ್ನಪಟ್ಟಣದ ಗೊಂಬೆ ಅಂಗಡಿಗೆ ಹೋಗಬೇಕು. ಗಾಡಿ ಓಡಿಸುವವರು ಗಂಡಸರಾದರೂ ಕಂತಿನ ಚಿಂತೆ ಎಷ್ಟೋ ಮನೆಗಳಲ್ಲಿ ನಮ್ಮದೇ.

ಕನಕಪುರದ ಕಡೆಯ ಒಂದು ಮನೆ ಎಂದುಕೊಳ್ಳಿ. ಹಳೆಯ ಡೀಸೆಲ್ ಗಾಡಿ ಒಂದಿದೆ. ಮಗ ಓಡಿಸುತ್ತಾನೆ. ತಾಯಿ ಹುಳ ಸಾಕುತ್ತಾಳೆ. ಈಗೀಗ ಓದು ಬರಹ ಕಲಿತಿದ್ದಾಳೆ.

ಒಂದು ಸಂಜೆ ಮಗ ಬೇಸರದಿಂದ ಬಂದ.

"ಅವ್ವಾ, ಮತ್ತೆ ಅದೇ ಲೈಟು ಹತ್ಕೊಂಡೈತೆ."

"ಮೊನ್ನೆ ತಾನೆ ರಿಪೇರಿ ಮಾಡ್ಸಿದ್ಯಲ್ಲೋ?"

"ಆರ್ಸಿ ಕೊಟ್ಟಿದ್ರು. ಈಗ ತಿರ್ಗಾ ಬಂದೈತೆ. ಗಾಡಿ ಏರು ಎಳೀತಿಲ್ಲ."

ತಾಯಿಗೆ ಎದೆ ಧಸಕ್ಕೆಂದಿತು. ನಾಡಿದ್ದು ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಗಬೇಕು. ದಾರಿಯಲ್ಲಿ ಗಾಡಿ ನಿಂತರೆ? ಗೂಡು ಕಾಯುವ ಮಾಲಲ್ಲ. ತಡವಾದರೆ ಚಿಟ್ಟೆ ಗೂಡು ತೂತು ಮಾಡಿ ಹೊರಗೆ ಬರುತ್ತದೆ. ತೂತಾದ ಗೂಡಿನಿಂದ ನೂಲು ಬಿಚ್ಚಲು ಬರುವುದಿಲ್ಲ.

"ನಾಳೆ ನಾನೂ ಗ್ಯಾರೇಜಿಗೆ ಬರ್ತೀನಿ. ನನ್ನ ನೋಟ್‌ಬುಕ್ಕೂ ಬರ್ತದೆ," ಎಂದಳು ತಾಯಿ.

ಯಾವುದು ಈ ದೀಪ?

ಸ್ಟೇರಿಂಗಿನ ಮುಂದೆ ಮೀಟರುಗಳಿವೆ. ಅಲ್ಲಿ ಎಂಜಿನ್ನಿನ ಚಿತ್ರವಿರುವ ಒಂದು ಸಣ್ಣ ದೀಪ ಇರುತ್ತದೆ. ಅದರ ಬಣ್ಣ ಹಳದಿ ಅಥವಾ ಕೇಸರಿ. ಕೀ ತಿರುಗಿಸಿದಾಗ ಅದು ಹತ್ತಬೇಕು. ಎಂಜಿನ್ ಶುರುವಾದ ಮೇಲೆ ಆರಬೇಕು. ಆರದಿದ್ದರೆ, ಅಥವಾ ದಾರಿಯಲ್ಲಿ ಮತ್ತೆ ಹತ್ತಿದರೆ, ಎಂಜಿನ್ನಿನಲ್ಲಿ ಏನೋ ತೊಂದರೆ ಇದೆ ಎಂದು ಅರ್ಥ.

ತುಂಬ ಹಳೆಯ ಗಾಡಿಗಳಲ್ಲಿ ಈ ದೀಪ ಇರಲಿಲ್ಲ. ಹೊಗೆ ಕಡಿಮೆ ಮಾಡುವ ನಿಯಮಗಳ ಜೊತೆಗೆ ಇದು ಬಂತು. ಬಿಎಸ್ 4 ನಿಯಮ 2017ರ ಏಪ್ರಿಲ್ 1ರಿಂದ ಇಡೀ ದೇಶಕ್ಕೆ ಬಂತು. 2020ರ ಏಪ್ರಿಲ್ 1ರಿಂದ ಬಿಎಸ್ 6 ಬಂತು. ಈ ಗಾಡಿಗಳಲ್ಲಿ ಒಂದು ಚಿಕ್ಕ ಕಂಪ್ಯೂಟರ್ ಇದೆ. ಗಾಳಿ ಎಷ್ಟು ಬಂತು, ಡೀಸೆಲ್ ಒತ್ತಡ ಎಷ್ಟಿದೆ, ಬಿಸಿ ಎಷ್ಟಾಯಿತು ಎಂದು ಅದು ನೋಡುತ್ತಲೇ ಇರುತ್ತದೆ. ನೋಡಿ ತಿಳಿಸುವ ಸಾಮಾನಿಗೆ ಸೆನ್ಸಾರ್ ಎನ್ನುತ್ತಾರೆ. ಲೆಕ್ಕ ತಪ್ಪಿದರೆ ಕಂಪ್ಯೂಟರ್ ದೀಪ ಹಚ್ಚುತ್ತದೆ. ಒಂದು ನಂಬರನ್ನೂ ಬರೆದಿಡುತ್ತದೆ.

ಆರಿಸಿದ ದೀಪ ಮತ್ತೆ ಯಾಕೆ ಹತ್ತುತ್ತದೆ?

ಬ್ಯಾಟರಿ ವೈರು ಬಿಚ್ಚಿ ಹಾಕಿದರೆ ಎಷ್ಟೋ ಗಾಡಿಗಳಲ್ಲಿ ದೀಪ ಆರುತ್ತದೆ. ಸ್ಕ್ಯಾನರ್ ಹಾಕಿಯೂ ಆರಿಸಬಹುದು. ಆಗ ಅಳಿಸಿ ಹೋಗುವುದು ನಂಬರು ಮಾತ್ರ. ತೊಂದರೆ ಅಲ್ಲೇ ಇರುತ್ತದೆ. ಗಾಡಿ ಓಡಿದಂತೆ ಕಂಪ್ಯೂಟರ್ ಮತ್ತೆ ಪರೀಕ್ಷೆ ಮಾಡುತ್ತದೆ. ಕೆಲವು ತೊಂದರೆಗಳನ್ನು ಎರಡು ಸಲ ಕಂಡ ಮೇಲೆ ದೀಪ ಹಚ್ಚುತ್ತದೆ. ಅದಕ್ಕೇ ದೀಪ ಎರಡು ಮೂರು ದಿನ ಸುಮ್ಮನಿದ್ದು ಮತ್ತೆ ಬರುವುದು.

ಜ್ವರ ಬಂದಾಗ ಹಣೆಗೆ ತಣ್ಣೀರು ಬಟ್ಟೆ ಹಾಕುತ್ತೇವೆ. ಹಣೆ ತಣ್ಣಗಾಗುತ್ತದೆ. ಅಷ್ಟಕ್ಕೇ ರೋಗ ಹೋಯಿತೇ? ಇದೂ ಹಾಗೆಯೇ.

ಗ್ಯಾರೇಜಿನಲ್ಲಿ

"ತಮ್ಮಾ, ಆರಿಸೋ ಮುಂಚೆ ನಂಬರ್ ಏನು ಹೇಳಪ್ಪ. ಬರ್ಕೋತೀನಿ," ಎಂದಳು ತಾಯಿ.

ಮೆಕ್ಯಾನಿಕ್ ಸ್ಕ್ಯಾನರ್ ಹಾಕಿದ. "ಪಿ 0087 ಕಣಕ್ಕ" ಎಂದ.

ನಂಬರಿನಲ್ಲಿ ಸಾಮಾನ್ಯವಾಗಿ ಒಂದು ಇಂಗ್ಲಿಷ್ ಅಕ್ಷರ, ಮುಂದೆ ನಾಲ್ಕು ಅಂಕಿ ಇರುತ್ತವೆ. ಸೊನ್ನೆಯನ್ನೂ ಬಿಡದೆ ಬರೆದುಕೊಳ್ಳಬೇಕು. ಪಿ 0087 ಎಂದರೆ ಡೀಸೆಲ್ ಒತ್ತಡ ಸಾಲದು ಎಂದು. ಪಿ 0401 ಎಂದರೆ ಬೇರೆ. ಎಂಜಿನ್ನಿನ ಹೊಗೆಯಲ್ಲಿ ಒಂದು ಪಾಲು ತಿರುಗಿ ಎಂಜಿನ್ನಿಗೆ ಹೋಗಬೇಕು. ಅದು ಸಾಕಷ್ಟು ಹೋಗುತ್ತಿಲ್ಲ ಎಂದು ಅರ್ಥ. ಆ ದಾರಿಯಲ್ಲಿ ಮಸಿ ಕಟ್ಟಿರಬಹುದು.

ಒಂದು ಮಾತು ಮರೆಯಬೇಡಿ. ನಂಬರು ತೊಂದರೆಯನ್ನು ಹೇಳುತ್ತದೆ. ಯಾವ ಸಾಮಾನು ಬದಲಿಸಬೇಕು ಎಂದು ಹೇಳುವುದಿಲ್ಲ. ಹೋದ ಸಲ ಈ ಗಾಡಿಗೆ ಹೊಸ ಸೆನ್ಸಾರ್ ಹಾಕಿದ್ದರು. ದುಡ್ಡು ಹೋಯಿತು, ದೀಪ ಹೋಗಲಿಲ್ಲ.

ತಾಯಿ ಮಗನನ್ನು ಕೇಳಿದಳು.

"ಲೈಟು ಯಾವಾಗ ಹತ್ತೋದು?"

"ಖಾಲಿ ಗಾಡೀಲಿ ಬರಲ್ಲ ಕಣವ್ವ. ಲೋಡ್ ತುಂಬ್ಕೊಂಡು ಏರು ಹತ್ತೋವಾಗ ಬರ್ತದೆ."

ಮೆಕ್ಯಾನಿಕ್ ತಲೆಯಾಡಿಸಿದ. "ಇದನ್ನ ಮೊದ್ಲೇ ಹೇಳಿದ್ರೆ ಚೆನ್ನಾಗಿತ್ತು. ಮೊದ್ಲು ಡೀಸೆಲ್ ಫಿಲ್ಟರ್ ನೋಡಾನ."

ಯಾಕೆ ಫಿಲ್ಟರ್? ನಾವು ಬಟ್ಟೆಯಲ್ಲಿ ನೀರು ಸೋಸುತ್ತೇವೆ. ಬಟ್ಟೆಗೆ ಕೊಳೆ ಕಟ್ಟಿದ್ದರೂ ನಿಧಾನವಾಗಿ ಸುರಿದರೆ ನೀರು ಇಳಿಯುತ್ತದೆ. ಬಿಂದಿಗೆ ಬಗ್ಗಿಸಿದರೆ ಇಳಿಯುವುದಿಲ್ಲ. ಖಾಲಿ ಗಾಡಿಗೆ ಸ್ವಲ್ಪ ಡೀಸೆಲ್ ಸಾಕು. ಲೋಡು ತುಂಬಿ ಏರು ಹತ್ತುವಾಗ ಹೆಚ್ಚು ಬೇಕು. ಕೊಳೆ ಕಟ್ಟಿದ ಫಿಲ್ಟರ್ ಅಷ್ಟು ಕೊಡಲಾರದು.

ಫಿಲ್ಟರಿನ ತಳದಿಂದ ಬಾಟಲಿಗೆ ಡೀಸೆಲ್ ಇಳಿಸಿದರು. ಸ್ವಲ್ಪ ಹೊತ್ತು ಬಿಟ್ಟರು. ಬಾಟಲಿಯ ತಳದಲ್ಲಿ ನೀರು ನಿಂತಿತು, ಡೀಸೆಲ್ ಮೇಲೆ ತೇಲಿತು. ಮನೆಯಲ್ಲಿ ಕ್ಯಾನಿನಲ್ಲಿ ಡೀಸೆಲ್ ಇಟ್ಟಿದ್ದರು. ಮುಚ್ಚಳ ಸರಿಯಿರಲಿಲ್ಲ. ಮಳೆ ನೀರು ಸೇರಿತ್ತು.

ನೀರು ತೆಗೆದರು. ಫಿಲ್ಟರ್ ಬದಲಿಸಿದರು. ಪೈಪಿನ ಜಾಯಿಂಟುಗಳನ್ನು ನೋಡಿದರು. ಆಮೇಲೆ ದೀಪ ಆರಿಸಿದರು. ಲೋಡು ಹಾಕಿಕೊಂಡು ಅದೇ ಏರಿನಲ್ಲಿ ಓಡಿಸಿ ನೋಡಿದರು. ಗಾಡಿ ಎಳೆಯಿತು. ಗೂಡು ಹೊತ್ತಿಗೆ ಸರಿಯಾಗಿ ಮಾರ್ಕೆಟ್ ಸೇರಿತು.

ಎಚ್ಚರಿಕೆ: ಡೀಸೆಲ್ ಇಳಿಸುವಾಗ ಹತ್ತಿರ ಬೀಡಿ, ಬೆಂಕಿ ಬೇಡ. ಎಂಜಿನ್ ಓಡುವಾಗ ಡೀಸೆಲ್ ಪೈಪು ಬಿಚ್ಚಬಾರದು. ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.

ಗಾಡಿಗೊಂದು ನೋಟ್‌ಬುಕ್

ತಾಯಿ ನೋಟ್‌ಬುಕ್ಕಿನಲ್ಲಿ ಹೀಗೆ ಬರೆದಳು:

ದೀಪ ಹತ್ತಿದ್ದು: ಸೋಮವಾರ, ಏರಿನಲ್ಲಿ, ಲೋಡು ಇತ್ತು.
ನಂಬರು: ಪಿ 0087.
ಮಾಡಿದ ಕೆಲಸ: ನೀರು ತೆಗೆದರು, ಫಿಲ್ಟರ್ ಹೊಸದು.
ಕಿಲೋಮೀಟರ್, ಖರ್ಚು: ಮೀಟರ್ ಮತ್ತು ಬಿಲ್ಲು ನೋಡಿ ಬರೆದದ್ದು.

ಇದರಿಂದ ಏನು ಲಾಭ? ನಾಳೆ ಅದೇ ನಂಬರು ಮತ್ತೆ ಬಂತು ಎನ್ನಿ. ಫಿಲ್ಟರ್ ಹೊಸದು ಎಂದು ನೋಟ್‌ಬುಕ್ ಹೇಳುತ್ತದೆ. ಆಗ ಪಂಪು, ನಾಜಲ್ ನೋಡಬೇಕು. ಮಾಡಿದ ಕೆಲಸಕ್ಕೇ ಎರಡನೇ ಸಲ ದುಡ್ಡು ಕೊಡುವುದು ತಪ್ಪುತ್ತದೆ. ಬೇರೆ ಗ್ಯಾರೇಜಿಗೆ ಹೋದರೂ ಹಳೆಯ ಕಥೆ ಕೈಯಲ್ಲೇ ಇರುತ್ತದೆ.

ಕಡಿಮೆ ಖರ್ಚಿನದನ್ನು ಮೊದಲು ನೋಡಿಸಿ. ಬ್ಯಾಟರಿ ವೈರು ಸಡಿಲವೇ? ಇಲಿ ವೈರು ಕಡಿದಿದೆಯೇ? ಏರ್ ಫಿಲ್ಟರಿನಲ್ಲಿ ಧೂಳು ತುಂಬಿದೆಯೇ? ರಬ್ಬರ್ ಪೈಪು ಒಡೆದಿದೆಯೇ? ದುಬಾರಿ ಸಾಮಾನು ಕೊನೆಗೆ.

ಕೆಂಪು ದೀಪ ಬಂದರೆ?

ಹಳದಿ ದೀಪ ಸುಮ್ಮನೆ ಹತ್ತಿದ್ದು ಗಾಡಿ ಸರಿಯಾಗಿ ಓಡುತ್ತಿದ್ದರೆ ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು. ದೀಪ ಮಿಣುಕಿದರೆ, ಎಂಜಿನ್ ನಡುಗಿದರೆ ಓಡಿಸಬೇಡಿ. ಆಯಿಲಿನ ಕೆಂಪು ದೀಪ ಹತ್ತಿದರೆ ಪಕ್ಕಕ್ಕೆ ಹಾಕಿ ಎಂಜಿನ್ ನಿಲ್ಲಿಸಿ. ಇಲ್ಲದಿದ್ದರೆ ಎಂಜಿನ್ನೇ ಹೋದೀತು. ಬಿಸಿ ಹೆಚ್ಚಾದರೂ ನಿಲ್ಲಿಸಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಕುದಿಯುವ ನೀರು ಮುಖಕ್ಕೆ ಹಾರುತ್ತದೆ.

ಹಳೆಯ ಗಾಡಿ ಕೊಳ್ಳುವಾಗಲೂ ಎಚ್ಚರ. ಕೀ ತಿರುಗಿಸಿದಾಗ ಎಂಜಿನ್ ದೀಪ ಹತ್ತುತ್ತದೆಯೇ ನೋಡಿ. ಹತ್ತದಿದ್ದರೆ ಬಲ್ಬು ಸುಟ್ಟಿರಬಹುದು. ತೊಂದರೆ ಮುಚ್ಚಿಡಲು ಯಾರಾದರೂ ಬಲ್ಬು ತೆಗೆದಿರಲೂಬಹುದು.

ನೆನಪಿಡಿ

1. ದೀಪ ಆರಿಸುವುದು ರಿಪೇರಿ ಅಲ್ಲ.
2. ಅಳಿಸುವ ಮೊದಲು ನಂಬರು ಬರೆದುಕೊಳ್ಳಿ.
3. ದೀಪ ಯಾವಾಗ, ಎಲ್ಲಿ ಹತ್ತಿತು ಎಂದು ಮೆಕ್ಯಾನಿಕ್‌ಗೆ ಹೇಳಿ.
4. ಬಿಚ್ಚಿದ ಹಳೆಯ ಸಾಮಾನು ನೋಡಿ. ಬಿಲ್ಲು ಕೇಳಿ.
5. ಲೋಡು ಹಾಕಿ ಓಡಿಸಿ ನೋಡಿ.

ಮಾತನಾಡೋಣ, ಬರೆಯೋಣ

1. ಹೊಸ ಸೆನ್ಸಾರ್ ಹಾಕಿದರೂ ದೀಪ ಯಾಕೆ ಮತ್ತೆ ಹತ್ತಿತು?
2. ಕ್ಯಾನಿನ ಮುಚ್ಚಳಕ್ಕೂ ಗಾಡಿಯ ದೀಪಕ್ಕೂ ಏನು ಸಂಬಂಧ?
3. ನಿಮ್ಮ ಮನೆಯ ಗಾಡಿ, ಪಂಪ್‌ಸೆಟ್ಟು ಅಥವಾ ಹೊಲಿಗೆ ಯಂತ್ರಕ್ಕೆ ಒಂದು ನೋಟ್‌ಬುಕ್ ಇಡಿ. ಹೋದ ಸಲದ ರಿಪೇರಿಯನ್ನು ಅದರಲ್ಲಿ ಬರೆಯಿರಿ.