ಹಳೆಯ ಸ್ವಿಚ್ಚಿನೊಳಗಿನ ನೆನಪು: ಮನೆಯಲ್ಲೇ ಕಟ್ಟುವ ಜಾಲ ಪ್ರಯೋಗಾಲಯ

ಗಣಕಜಾಲದ ಪರೀಕ್ಷೆಗೆ ಓದುವವರಿಗೆ ಮನೆಯಲ್ಲೊಂದು ಪ್ರಯೋಗಾಲಯ ಬೇಕು ಎಂದ ಕೂಡಲೇ ಕಬ್ಬಿಣದ ರ‍್ಯಾಕಿನಲ್ಲಿ ಸಾಲಾಗಿ ಜೋಡಿಸಿದ ರೌಟರ್‌ಗಳೂ ಲಕ್ಷದ ಲೆಕ್ಕದ ಖರ್ಚೂ ಕಣ್ಣಮುಂದೆ ಬರುವುದರಿಂದ, ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ವಿದ್ಯಾರ್ಥಿ ಆ ಆಸೆಯನ್ನು ಅಲ್ಲಿಗೇ ಕೈಬಿಟ್ಟರೆ ಆಶ್ಚರ್ಯವಿಲ್ಲ. ವಾಸ್ತವದಲ್ಲಿ ಒಂದು ಸಾಧಾರಣ ಲ್ಯಾಪ್‌ಟಾಪ್, ಉಚಿತವಾಗಿ ಸಿಗುವ ತಂತ್ರಾಂಶ ಮತ್ತು ಕೆಲವು ಸಾವಿರ ರೂಪಾಯಿಯ ಒಂದು ಹಳೆಯ ಸ್ವಿಚ್ಚು (ಒಂದೇ ಜಾಲದ ಗಣಕಗಳನ್ನು ಬೆಸೆಯುವ ಪೆಟ್ಟಿಗೆ), ಇಷ್ಟಿದ್ದರೆ ಆ ಸೀಮೆಯ ಕೊಳಕೂರದಂಥ ಹಳ್ಳಿಯ ಮನೆಯೊಂದರಲ್ಲೂ ಸಿಸ್ಕೊ ಕಂಪನಿಯ ಸಿಸಿಎನ್‌ಎ ಮಟ್ಟದ ಅಭ್ಯಾಸಕ್ಕೆ ಸಾಲುವ ಪ್ರಯೋಗಾಲಯ ಸಿದ್ಧವಾಗುತ್ತದೆ. ಈ ಮೂರರಲ್ಲಿ ಹಳೆಯ ಸ್ವಿಚ್ಚು ಕಲಿಸುವ ಪಾಠಕ್ಕೆ ಬೇರಾವುದೂ ಸಾಟಿಯಲ್ಲ ಎಂಬುದು ಈ ಲೇಖನದ ನಿಲುವು.

ಹಿನ್ನೆಲೆಯನ್ನು ಚುಟುಕಾಗಿ ಹೇಳುವುದಾದರೆ, 1984ರಲ್ಲಿ ಅಮೆರಿಕದಲ್ಲಿ ಆರಂಭವಾದ ಸಿಸ್ಕೊ ಕಂಪನಿ 1993ರಲ್ಲಿ ಸಿಸಿಐಇ ಎಂಬ ಉನ್ನತ ಪ್ರಮಾಣಪತ್ರವನ್ನೂ 1998ರಲ್ಲಿ ಆರಂಭಿಕರಿಗಾಗಿ ಸಿಸಿಎನ್‌ಎಯನ್ನೂ ಜಾರಿಗೆ ತಂದಿತು. ಭಾರತದಲ್ಲಿ 1986ರಲ್ಲಿ ಮೊದಲಾದ ಅರ್ನೆಟ್ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಪಾಲ್ಗೊಂಡಿತ್ತು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಮೂಲಕ ಅಂತರಜಾಲ ಸಾರ್ವಜನಿಕರಿಗೆ ತೆರೆದುಕೊಂಡಿತು. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ, ಈಗ ಭಾರತ್‌ನೆಟ್ ಎಂದು ಹೆಸರಾದ ಯೋಜನೆಗೆ 2011ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ನೀಡಿತು. ಫೈಬರ್ ಹಳ್ಳಿಯ ಬಾಗಿಲಿಗೆ ಬಂದ ಮೇಲೆ ಅದನ್ನು ಅರಿತು ದುರಸ್ತಿ ಮಾಡುವ ಕೈಗಳೂ ಹಳ್ಳಿಯಲ್ಲೇ ತಯಾರಾಗಬೇಕೆಂಬುದು ನ್ಯಾಯವಾದ ಅಪೇಕ್ಷೆ.

ಸಿಸಿಎನ್‌ಎ ಪರೀಕ್ಷೆ 2020ರ ಫೆಬ್ರುವರಿ 24ರಿಂದ ಹೊಸ ರೂಪ ಪಡೆದಿದ್ದು, 120 ನಿಮಿಷಗಳ ಈ ಒಂದೇ ಪರೀಕ್ಷೆಯಲ್ಲಿ ಸ್ವಿಚ್ಚುಗಳಿಗೆ ಸಂಬಂಧಿಸಿದ ಭಾಗಕ್ಕೆ ಶೇ 20, ಮಾರ್ಗನಿರ್ಣಯದ, ಅಂದರೆ ದತ್ತಾಂಶದ ಪೊಟ್ಟಣ ಯಾವ ದಾರಿ ಹಿಡಿಯಬೇಕೆಂದು ರೌಟರ್ ತೀರ್ಮಾನಿಸುವ ಭಾಗಕ್ಕೆ ಶೇ 25 ಪಾಲಿದೆ. ಶುಲ್ಕ 300 ಡಾಲರ್, ತೆರಿಗೆ ಬೇರೆ. ಪ್ರಮಾಣಪತ್ರದ ಅವಧಿ ಮೂರು ವರ್ಷ. ಇಷ್ಟು ದೊಡ್ಡ ಶುಲ್ಕವನ್ನು ಪಣಕ್ಕಿಡುವ ಮೊದಲು ಪ್ರಶ್ನೋತ್ತರಗಳ ‘ಡಂಪ್’ ಬಾಯಿಪಾಠ ಮಾಡುವುದಕ್ಕಿಂತ ಕೈಯಾರೆ ಮಾಡಿ ಕಲಿಯುವುದು ಮೇಲು ಎಂಬುದರಲ್ಲಿ ಎರಡು ಮಾತಿಲ್ಲ.

ಮೊದಲ ಹೆಜ್ಜೆಗೆ ಖರ್ಚೇ ಇಲ್ಲ. ಸಿಸ್ಕೊ 1997ರಲ್ಲಿ ಆರಂಭಿಸಿದ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಹೆಸರು ನೋಂದಾಯಿಸಿದವರಿಗೆ ಪ್ಯಾಕೆಟ್ ಟ್ರೇಸರ್ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಇದು ಅನುಕರಣ ತಂತ್ರಾಂಶ, ಎಂದರೆ ನಿಜವಾದ ಉಪಕರಣವನ್ನು ನಡೆಸದೆ ಅದರ ವರ್ತನೆಯನ್ನು ಪರದೆಯ ಮೇಲೆ ತೋರಿಸುವಂಥದ್ದು. ಇದಕ್ಕಿಂತ ಒಂದು ಮೆಟ್ಟಿಲು ಮೇಲಿರುವ ಜಿಎನ್‌ಎಸ್3 ಮತ್ತು ಸಿಸ್ಕೊ ಮಾಡೆಲಿಂಗ್ ಲ್ಯಾಬ್ಸ್ ರೌಟರಿನ ನಿಜವಾದ ಕಾರ್ಯತಂತ್ರಾಂಶವನ್ನೇ ಗಣಕದೊಳಗೆ ಓಡಿಸುತ್ತವೆ. ಎರಡನೆಯದರಲ್ಲಿ ಐದು ಸಾಧನಗಳವರೆಗಿನ ಜಾಲಕ್ಕೆ ಉಚಿತ ಆವೃತ್ತಿಯಿದೆ. ಮಾರ್ಗನಿರ್ಣಯದ ಅಭ್ಯಾಸಕ್ಕೆ ಇಷ್ಟು ಧಾರಾಳವಾಗಿ ಸಾಕಾಗುವುದರಿಂದ ರೌಟರ್ ಕೊಳ್ಳುವ ಅಗತ್ಯವೇ ಬೀಳುವುದಿಲ್ಲ.

ಆದರೆ ಅನುಕರಣದ ಸಾಧನಕ್ಕೆ ಒಂದು ಮಿತಿಯಿದೆ: ಅದು ಪ್ರತಿ ಸಲವೂ ಖಾಲಿಯಾಗಿ ಹುಟ್ಟುತ್ತದೆ, ಅದಕ್ಕೆ ಹಿಂದಿನ ಬದುಕು ಎಂಬುದಿಲ್ಲ. ಕೆಲಸಕ್ಕೆ ಸೇರಿದವನಿಗೆ ಎದುರಾಗುವ ಜಾಲವಾದರೋ ಹೆಚ್ಚಾಗಿ ಬೇರೊಬ್ಬರು ಕಟ್ಟಿ, ಮತ್ತೊಬ್ಬರು ತಿದ್ದಿ, ಗುಪ್ತಪದವನ್ನೂ ಹೇಳದೆ ಬಿಟ್ಟುಹೋದದ್ದಾಗಿರುತ್ತದೆ. ಆ ಪರಿಸ್ಥಿತಿಯನ್ನು ಮನೆಯೊಳಕ್ಕೆ ತರುವ ಶಕ್ತಿ ಇರುವುದು ಹಳೆಯ ಸ್ವಿಚ್ಚಿಗೆ ಮಾತ್ರ.

ಯಾವುದೋ ಕಚೇರಿಯಿಂದ ವಿಲೇವಾರಿಯಾದ, ಸಿಸ್ಕೊದ ಕ್ಯಾಟಲಿಸ್ಟ್ 2960 ಮಾದರಿಯ ಸ್ವಿಚ್ಚೊಂದು ಮನೆಗೆ ಬಂತೆನ್ನೋಣ. ತಿಳಿನೀಲಿ ಬಣ್ಣದ ಚಪ್ಪಟೆ ಕನ್ಸೋಲ್ ಕೇಬಲ್ಲಿನ ಒಂದು ತುದಿಯನ್ನು ಸ್ವಿಚ್ಚಿಗೂ ಇನ್ನೊಂದನ್ನು ಯುಎಸ್‌ಬಿ ಪರಿವರ್ತಕದ ಮೂಲಕ ಲ್ಯಾಪ್‌ಟಾಪಿಗೂ ಸೇರಿಸಿ, ಪುಟ್ಟಿ ಎಂಬ ಉಚಿತ ತಂತ್ರಾಂಶದಲ್ಲಿ ವೇಗವನ್ನು 9600 ಎಂದು ನಿಗದಿಪಡಿಸಿದರೆ ಪರದೆಯ ಮೇಲೆ ಅಕ್ಷರಗಳು ಹರಿಯತೊಡಗುತ್ತವೆ, ಕೊನೆಗೆ ಗುಪ್ತಪದ ಕೇಳಿ ನಿಲ್ಲುತ್ತವೆ. ಆಗ ವಿದ್ಯುತ್ ತೆಗೆದು, ಮುಂಭಾಗದ ‘ಮೋಡ್’ ಗುಂಡಿಯನ್ನು ಒತ್ತಿ ಹಿಡಿದೇ ಮತ್ತೆ ವಿದ್ಯುತ್ ಕೊಟ್ಟರೆ ಸ್ವಿಚ್ಚು ಪೂರ್ತಿ ಏಳದೆ ಅರ್ಧದಲ್ಲೇ ತಡೆದು ನಿಲ್ಲುತ್ತದೆ. ಅಲ್ಲಿ ಫ್ಲ್ಯಾಶ್ ಸ್ಮೃತಿಯನ್ನು ತೆರೆದು ‘ಕಾನ್ಫಿಗ್ ಡಾಟ್ ಟೆಕ್ಸ್ಟ್’ ಕಡತದ ಹೆಸರು ಬದಲಿಸಿ ಎಬ್ಬಿಸಿದರೆ ಹಳೆಯ ಸಂಯೋಜನೆ ಅದರ ಕಣ್ಣಿಗೆ ಬೀಳದೆ ಗುಪ್ತಪದದ ಪ್ರಶ್ನೆಯೇ ಏಳುವುದಿಲ್ಲ.

ಇಷ್ಟಕ್ಕೆ ಸ್ವಿಚ್ಚು ಹೊಸದಾಯಿತೆಂದು ತಿಳಿಯುವುದು ತಪ್ಪು. ‘ಶೋ ವಿಲ್ಯಾನ್ ಬ್ರೀಫ್’ ಎಂಬ ಆದೇಶ ಕೊಟ್ಟು ನೋಡಿದರೆ, ಲೆಕ್ಕಪತ್ರ, ಕ್ಯಾಮೆರಾ, ಅತಿಥಿ ಎಂಬಂಥ ಹಳೆಯ ಕಚೇರಿಯ ವಿಭಾಗಗಳ ಹೆಸರುಗಳು ಇನ್ನೂ ಅಲ್ಲೇ ಉಳಿದಿರಬಹುದು. ಒಂದೇ ಸ್ವಿಚ್ಚನ್ನು ಒಳಗೊಳಗೇ ಹಲವು ಪ್ರತ್ಯೇಕ ಜಾಲಗಳಾಗಿ ಹಂಚುವ ವ್ಯವಸ್ಥೆಗೆ ವಿಲ್ಯಾನ್ ಎಂದು ಹೆಸರು. ಇವುಗಳ ಪಟ್ಟಿ ಸಂಯೋಜನೆಯ ಕಡತದಲ್ಲಿರದೆ ‘ವಿಲ್ಯಾನ್ ಡಾಟ್ ಡ್ಯಾಟ್’ ಎಂಬ ಬೇರೆಯೇ ಕಡತದಲ್ಲಿರುವುದರಿಂದ, ಸಂಯೋಜನೆಯನ್ನು ಅಳಿಸಿದರೂ ಅದು ಅಳಿಯುವುದಿಲ್ಲ. ಹೊಲ ಕೊಳ್ಳುವವರು ಪಹಣಿ ನೋಡುವಂತೆ ಹಳೆಯ ಸ್ವಿಚ್ಚು ಕೊಂಡವರು ಈ ಕಡತವನ್ನು ಮೊದಲು ನೋಡಬೇಕು.

ಇದರ ಜೊತೆಗೇ ಬರುವ ಅಪಾಯ ವಿಟಿಪಿ ಎಂಬ ಸಿಸ್ಕೊದ ಸ್ವಂತ ನಿಯಮಾವಳಿಯದು. ಒಂದು ಸ್ವಿಚ್ಚಿನಲ್ಲಿ ಮಾಡಿದ ವಿಲ್ಯಾನ್ ಪಟ್ಟಿ ಉಳಿದ ಸ್ವಿಚ್ಚುಗಳಿಗೆ ತಾನಾಗಿಯೇ ತಲುಪಲೆಂದು ರೂಪಿಸಿದ ಈ ವ್ಯವಸ್ಥೆಯಲ್ಲಿ ಪ್ರತಿ ಬದಲಾವಣೆಗೂ ಪರಿಷ್ಕರಣ ಸಂಖ್ಯೆ ಒಂದೊಂದಾಗಿ ಏರುತ್ತದೆ, ದೊಡ್ಡ ಸಂಖ್ಯೆ ಇರುವ ಪಟ್ಟಿಯೇ ಸರಿಯೆಂದು ಉಳಿದವು ನಂಬುತ್ತವೆ. ಹೀಗಾಗಿ ವಿಟಿಪಿ ಡೊಮೇನ್ ಹೆಸರೂ ಗುಪ್ತಪದವೂ ನಡೆಯುತ್ತಿರುವ ಜಾಲದವುಗಳಿಗೆ ಹೊಂದುವ, ದೊಡ್ಡ ಸಂಖ್ಯೆ ಹೊತ್ತ ಹಳೆಯ ಸ್ವಿಚ್ಚೊಂದನ್ನು ಆ ಜಾಲಕ್ಕೆ ಟ್ರಂಕ್, ಅಂದರೆ ಹಲವು ವಿಲ್ಯಾನ್‌ಗಳನ್ನು ಒಟ್ಟಿಗೆ ಸಾಗಿಸುವ ಸಂಪರ್ಕದಲ್ಲಿ ಸೇರಿಸಿದರೆ, ಇಡೀ ಜಾಲ ತನ್ನ ಪಟ್ಟಿಯನ್ನು ಬಿಟ್ಟು ಅದರ ಪಟ್ಟಿಯನ್ನು ಒಪ್ಪಿಕೊಳ್ಳುತ್ತದೆ. ಕಾಣೆಯಾದ ವಿಲ್ಯಾನ್‌ಗಳಿಗೆ ಸೇರಿದ್ದ ಪೋರ್ಟ್‌ಗಳು ನಿಷ್ಕ್ರಿಯವಾಗುತ್ತವೆ. ಸೇರಿಸುವ ಮುನ್ನ ಸ್ವಿಚ್ಚನ್ನು ‘ಟ್ರಾನ್ಸ್‌ಪರೆಂಟ್’ ಸ್ಥಿತಿಗೆ ತಂದರೆ ಸಂಖ್ಯೆ ಸೊನ್ನೆಗಿಳಿದು ಅಪಾಯ ತಪ್ಪುತ್ತದೆ. ಮೂರನೆಯ ಆವೃತ್ತಿಯಲ್ಲಿ ಮುಖ್ಯ ಸರ್ವರ್ ಎಂಬ ಕಟ್ಟುಪಾಡು ತಂದು ಈ ದೋಷವನ್ನು ತಡೆಯಲಾಗಿದೆ. ಈಗಿನ ಪಠ್ಯಸೂಚಿಯಲ್ಲಿ ವಿಟಿಪಿಗೆ ಪ್ರತ್ಯೇಕ ಸ್ಥಾನವಿಲ್ಲವಾದರೂ ಇದು ತಿಳಿದಿರಲೇಬೇಕು, ಏಕೆಂದರೆ ಪಠ್ಯಸೂಚಿ ಬದಲಾದರೂ ಹಳೆಯ ಉಪಕರಣಗಳು ಸೇವೆಯಲ್ಲಿ ಮುಂದುವರಿಯುತ್ತವೆ.

ಪೋರ್ಟಿನ ದೀಪವೂ ಪಾಠ ಹೇಳುತ್ತದೆ. ಕೇಬಲ್ ಸಿಕ್ಕಿಸಿದೊಡನೆ ಕಿತ್ತಳೆ ಬಣ್ಣಕ್ಕೆ ತಿರುಗುವ ದೀಪ ಹಸಿರಾಗಲು ಸುಮಾರು 30 ಸೆಕೆಂಡು ಬೇಕು. ರೇಡಿಯಾ ಪರ್ಲ್‌ಮನ್ 1985ರಲ್ಲಿ ರೂಪಿಸಿದ ಸ್ಪ್ಯಾನಿಂಗ್ ಟ್ರೀ ನಿಯಮಾವಳಿಯಂತೆ ಸ್ವಿಚ್ಚು ಆ ಹೊತ್ತಿನಲ್ಲಿ 15 ಸೆಕೆಂಡು ಆಲಿಸಿ, 15 ಸೆಕೆಂಡು ವಿಳಾಸಗಳನ್ನು ಕಲಿತು, ಜಾಲದಲ್ಲಿ ಸುತ್ತು ಬೀಳುವುದಿಲ್ಲವೆಂದು ಖಾತ್ರಿಪಡಿಸಿಕೊಳ್ಳುತ್ತದೆ. ಪುಸ್ತಕದಲ್ಲಿ ಅಂಕಿಯಾಗಿ ಓದಿದ್ದನ್ನು ಹೀಗೆ ಕಾದು ನೋಡಿದವರು ಅದನ್ನು ಮರೆಯುವುದು ಕಷ್ಟ.

ಕಲಬುರಗಿ ಜಿಲ್ಲೆಯ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೇಸಿಗೆಯಲ್ಲಿ ಇಲ್ಲಿನ ಉಷ್ಣಾಂಶ 40 ಡಿಗ್ರಿ ದಾಟುತ್ತದೆ, ಹಳೆಯ ಉಪಕರಣಗಳ ಪೈಕಿ ಸಿಸ್ಕೊ 2811 ರೌಟರಿಗೆ ತಯಾರಕರು ನಿಗದಿಪಡಿಸಿದ ಮಿತಿಯೂ 40 ಡಿಗ್ರಿಯೇ. ಆದ್ದರಿಂದ ಉಪಕರಣವನ್ನು ತಗಡಿನ ಛಾವಣಿಯಡಿ ಇಡದೆ ಬೆಳಗಿನ ಜಾವದಲ್ಲಿ ಬಳಸುವುದು ಲೇಸು. 24 ಪೋರ್ಟಿನ ಸಾಮಾನ್ಯ 2960 ಸ್ವಿಚ್ಚು ಎಳೆಯುವ ವಿದ್ಯುತ್ ಹೆಚ್ಚೆಂದರೆ ಸುಮಾರು 30 ವಾಟ್ ಆಗಿರುವುದರಿಂದ, ದಿನಕ್ಕೊಂದು ತಾಸಿನ ಅಭ್ಯಾಸಕ್ಕೆ ತಿಂಗಳಿಗೆ ಒಂದು ಯೂನಿಟ್ಟೂ ಖರ್ಚಾಗದು. ಕರೆಂಟ್ ಹೋದರೆ, ಉಳಿಸದ ಸಂಯೋಜನೆ ತಾತ್ಕಾಲಿಕ ಸ್ಮೃತಿಯಲ್ಲಷ್ಟೇ ಇರುವುದರಿಂದ, ಅದೆಲ್ಲ ಅಳಿಸಿಹೋಗುತ್ತದೆ. ಪ್ರತಿ ಹಂತದಲ್ಲೂ ಉಳಿಸುವ ಶಿಸ್ತನ್ನು ಹಳ್ಳಿಯ ವಿದ್ಯಾರ್ಥಿ ಹೀಗೆ ಬೇಗ ಕಲಿಯುತ್ತಾನೆ.

ಇಂಥ ಸ್ವಿಚ್ಚುಗಳನ್ನು ಹುಡುಕಲು ಬೆಂಗಳೂರಿನ ಎಸ್‌.ಪಿ. ರಸ್ತೆಯಿದೆ, ಈ ಭಾಗಕ್ಕೆ ಅದಕ್ಕಿಂತ ಹತ್ತಿರವಾದ ಹೈದರಾಬಾದ್–ಸಿಕಂದರಾಬಾದಿನ ಗಣಕ ಮಾರುಕಟ್ಟೆಗಳಿವೆ. ಆದರೂ ಇದಕ್ಕಿಂತ ಸುಲಭವಾದ ದಾರಿ ಜಿಲ್ಲೆಯೊಳಗೇ ತೆರೆಯಬಹುದು. ಕಲಬುರಗಿಯ ಎಂಜಿನಿಯರಿಂಗ್ ಕಾಲೇಜುಗಳೂ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯವೂ ಉಪಕರಣ ಬದಲಿಸುವಾಗ, ಹಳೆಯ ಸ್ವಿಚ್ಚುಗಳಿಂದ ಸಂಸ್ಥೆಯ ಮಾಹಿತಿಯನ್ನು ಅಳಿಸಿ, ಗುಜರಿಗೆ ಹಾಕುವ ಬದಲು ಸುತ್ತಲಿನ ಪದವಿಪೂರ್ವ ಕಾಲೇಜು ಮತ್ತು ಗ್ರಂಥಾಲಯಗಳಿಗೆ ಕೊಟ್ಟರೆ, ಹತ್ತಾರು ವಿದ್ಯಾರ್ಥಿಗಳು ಸರದಿಯ ಮೇಲೆ ಒಂದೇ ಸ್ವಿಚ್ಚಿನಲ್ಲಿ ಕಲಿಯಬಹುದು. ಅಳಿಸುವ ಕೆಲಸವನ್ನೇ ವಿದ್ಯಾರ್ಥಿಗಳಿಗೆ ಅಧ್ಯಾಪಕರ ಎದುರಿನಲ್ಲಿ ವಹಿಸಿದರೆ ಮೊದಲ ಪಾಠವೂ ಅಲ್ಲೇ ಮುಗಿಯುತ್ತದೆ.