ದವಾಖಾನೆಯ ಲೆಕ್ಕಕ್ಕೂ ಬೇಕು ಸಹಕಾರ

ಕಬ್ಬಿನ ಬಿಲ್ಲು ಕೈಸೇರಿದಾಗ, ಹತ್ತಿ–ಕಡಲೆ ಮಾರಾಟವಾದಾಗ ಬೆಳಗಾವಿ ಜಿಲ್ಲೆಯ ಬೈಲಹೊಂಗಲದ ಪೇಟೆಯಲ್ಲಿ ರೊಕ್ಕ ಓಡಾಡುತ್ತದೆ. ರಾಮದುರ್ಗದಲ್ಲಿ ಸೀರೆಗೆ ಬೇಡಿಕೆ ಕುಸಿದರೆ ನೇಕಾರರ ಮನೆಯಲ್ಲಿ ಕೈ ಬಿಗಿಯಾಗುತ್ತದೆ. ಆದರೆ ಜ್ವರ, ಹೆರಿಗೆ, ಹಾವಿನ ಕಡಿತ ಸುಗ್ಗಿಗೆ ಕಾಯುವುದಿಲ್ಲ. ಇಂಥ ಊರುಗಳ ಸಣ್ಣ ಖಾಸಗಿ ದವಾಖಾನೆಗಳು ಉದ್ರಿ ಬೇಡವೆಂದರೆ ರೋಗಿಗೆ ಕಷ್ಟ, ಉದ್ರಿ ಬೆಳೆದರೆ ದವಾಖಾನೆಗೇ ಕಷ್ಟ. ಸಿಬ್ಬಂದಿಯ ಪಗಾರ, ಕರೆಂಟ್ ಬಿಲ್, ಸ್ಕ್ಯಾನಿಂಗ್ ಯಂತ್ರದ ಸಾಲದ ಕಂತು ಮಾತ್ರ ತಿಂಗಳು ತಪ್ಪುವುದಿಲ್ಲ.

ಚಿಕಿತ್ಸೆಗೆ ಜಿಎಸ್‌ಟಿ ವಿನಾಯಿತಿ ಇದೆ. ಅದೇ ಕಾರಣಕ್ಕೆ ಯಂತ್ರ, ಸಾಮಗ್ರಿ ಕೊಳ್ಳುವಾಗ ಕಟ್ಟಿದ ಜಿಎಸ್‌ಟಿ ದವಾಖಾನೆಗೆ ಮರಳಿ ಸಿಗದು. ಅದೂ ಖರ್ಚಿಗೇ ಸೇರುತ್ತದೆ. ಈ ಲೆಕ್ಕ ಅರಿಯದೆ ದರ ನಿಗದಿ ಮಾಡಿದವರಿಗೆ ವರ್ಷದ ಕೊನೆಗೆ ಹೊಡೆತ ಬೀಳುತ್ತದೆ.

ಫಲಕದ ಮೇಲಿನ ದರ

2017ರ ನವೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆದಾಗ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದರು. ಆಗಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಂದ ತಿದ್ದುಪಡಿಯಲ್ಲಿದ್ದ ದರ ನಿಯಂತ್ರಣ ಮತ್ತು ಜೈಲು ಶಿಕ್ಷೆಗೆ ಅವರ ವಿರೋಧವಿತ್ತು. ಮಸೂದೆ ಸಡಿಲಗೊಂಡು ಅಂಗೀಕಾರವಾಯಿತು. ಆ ಗದ್ದಲದಲ್ಲಿ ಒಂದು ಮಾತು ಮರೆಗೆ ಸರಿಯಿತು: ಚಿಕಿತ್ಸೆಯ ದರವನ್ನು ಫಲಕದಲ್ಲಿ ಬರೆಯಬೇಕೆಂಬ ನಿಯಮ 2007ರ ಮೂಲ ಕಾಯ್ದೆಯಲ್ಲೇ ಇತ್ತು.

ಈ ಫಲಕವನ್ನು ಹೊರೆ ಎಂದುಕೊಳ್ಳಬಾರದು. ಹೆರಿಗೆಗೆ ಎಷ್ಟು, ಕೋಣೆಗೆ ಎಷ್ಟು, ರಕ್ತ ಪರೀಕ್ಷೆಗೆ ಎಷ್ಟು ಎಂದು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದರೆ ಬಿಲ್ ಕೊಡುವ ಹೊತ್ತಿನ ಜಗಳ ಅರ್ಧಕ್ಕರ್ಧ ಕಡಿಮೆಯಾದೀತು. ಹಣ ಕೊಟ್ಟು ಚಿಕಿತ್ಸೆ ಪಡೆಯುವವರು ಗ್ರಾಹಕರೇ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ರಸೀದಿ ರೋಗಿಯ ಹಕ್ಕು. ವೈದ್ಯರಿಗೂ ಅದೇ ರಕ್ಷಣೆ.

ಕಾಗದದ ಭಾರ

ಬರೆದಿಡಬೇಕಾದದ್ದು ದರವೊಂದನ್ನೇ ಅಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಕಸವನ್ನು ಹಳದಿ, ಕೆಂಪು, ಬಿಳಿ, ನೀಲಿ ಎಂದು ಬೇರ್ಪಡಿಸಬೇಕು. ಸಂಸ್ಕರಿಸದ ತ್ಯಾಜ್ಯವನ್ನು 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಗರ್ಭಿಣಿಗೆ ಸ್ಕ್ಯಾನ್ ಮಾಡಿದರೆ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆಯಂತೆ ‘ಎಫ್’ ನಮೂನೆ ತುಂಬಬೇಕು. ಸರ್ಕಾರಿ ಯೋಜನೆಯಡಿ ಚಿಕಿತ್ಸೆ ಕೊಟ್ಟರೆ ಪೂರ್ವಾನುಮತಿಯಿಂದ ಬಿಡುಗಡೆ ಪತ್ರದವರೆಗೆ ಎಲ್ಲ ದಾಖಲೆ ಸಲ್ಲಿಸಬೇಕು. ಒಂದು ಕಾಗದ ಬಿಟ್ಟರೂ ಹಣ ತಡೆಯಾಗುವ ಭಯ.

ಬೆಳಗಾವಿ, ಧಾರವಾಡದ ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ವಿಭಾಗಗಳಿವೆ. ಆ ಎರಡು ನಗರಗಳ ನಡುವಿನ ಹೆದ್ದಾರಿಯಲ್ಲಿರುವ ಕಿತ್ತೂರಿನ ವೈದ್ಯರು, ಬನದ ಹುಣ್ಣಿಮೆ–ಭಾರತ ಹುಣ್ಣಿಮೆಯಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಜನ ಹರಿದುಬರುವ ಸವದತ್ತಿಯ ವೈದ್ಯರು ಹಗಲೆಲ್ಲ ರೋಗಿಗಳನ್ನು ನೋಡಿ ರಾತ್ರಿ ಇದನ್ನೆಲ್ಲ ಬರೆಯಬೇಕೆಂದರೆ ಎಷ್ಟು ದಿನ ಸಾಧ್ಯ?

ದಾರಿ ಇಲ್ಲೇ ಇದೆ

ಉತ್ತರ ಈ ನೆಲದಲ್ಲೇ ಇದೆ. ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಸಹಕಾರ ಸಂಘ ಕಟ್ಟಿದರು. ಸುಮಾರು ನೂರು ವರ್ಷದ ನಂತರ, 2003ರಲ್ಲಿ, ಸಹಕಾರ ಸಂಘಗಳ ಬಲದಿಂದಲೇ ‘ಯಶಸ್ವಿನಿ’ ಆರೋಗ್ಯ ಯೋಜನೆ ಜಾರಿಗೆ ಬಂತು. ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿ ಅವರ ಚಿಂತನೆಯಿಂದ ಮೂಡಿದ ಈ ಯೋಜನೆಯಲ್ಲಿ ಆರಂಭದಲ್ಲಿ ರೈತ ತಿಂಗಳಿಗೆ 5 ರೂಪಾಯಿ ಕೊಟ್ಟರೆ ಶಸ್ತ್ರಚಿಕಿತ್ಸೆಯ ಭದ್ರತೆ ಸಿಗುತ್ತಿತ್ತು. 2018ರಲ್ಲಿ ‘ಆರೋಗ್ಯ ಕರ್ನಾಟಕ’ ಯೋಜನೆಯಲ್ಲಿ ವಿಲೀನವಾದ ಅದು 2022–23ರಲ್ಲಿ ಮರುಜೀವ ಪಡೆಯಿತು.

ರೈತರು ಚಿಕಿತ್ಸೆಯ ಖರ್ಚಿಗಾಗಿ ಒಂದಾದಂತೆ ವೈದ್ಯರು ಲೆಕ್ಕದ ಹೊರೆಗಾಗಿ ಒಂದಾಗಬಹುದು. ಒಂದು ತಾಲ್ಲೂಕಿನ ಏಳೆಂಟು ದವಾಖಾನೆಗಳು ಸೇರಿ ಒಬ್ಬ ಲೆಕ್ಕಿಗರನ್ನೂ ಯೋಜನೆಗಳ ಕಡತ ನೋಡುವ ಒಬ್ಬ ಗುಮಾಸ್ತರನ್ನೂ ನೇಮಿಸಿಕೊಳ್ಳಲಿ. ಕೈಗವಸು, ಸಿರಿಂಜ್, ಸಲೈನ್‌ಗಳನ್ನು ಒಟ್ಟಾಗಿ ಖರೀದಿಸಲಿ. ರೋಗಿಯ ಗುಟ್ಟು ಹೊರಬೀಳದಂತೆ ಕರಾರು ಬರೆದುಕೊಳ್ಳಲಿ. ಉದ್ರಿಗೂ ಮಿತಿ, ಕಂತು, ಬರವಣಿಗೆ ಇರಲಿ.

ತಾಲ್ಲೂಕಿನ ದವಾಖಾನೆ ಬಾಗಿಲು ಮುಚ್ಚಿದರೆ ಅದರ ನಷ್ಟ ವೈದ್ಯರೊಬ್ಬರದ್ದಲ್ಲ. ನಡುರಾತ್ರಿ ಹೆರಿಗೆ ನೋವು ಬಂದ ಹೆಣ್ಣುಮಗಳು ಇನ್ನಷ್ಟು ದೂರ ಹೋಗಬೇಕಾಗುತ್ತದೆ. ಅದಕ್ಕೇ ಲೆಕ್ಕ ಸರಿಯಾಗಿಡುವುದನ್ನೂ ಶುಶ್ರೂಷೆಯ ಭಾಗವೆಂದೇ ವೈದ್ಯರು ತಿಳಿಯಬೇಕು.